ತೊನ್ನಿಗೆ ಮದ್ದು ಬಂತು, ಪಾಪದ ಮಾತು ಮಾತ್ರ ಹೋಗಲಿಲ್ಲ

ದಾವಣಗೆರೆ ಕಡೆ ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಮೊಣಕೈ ಮೇಲೆ ಒಂದು ಬಿಳಿ ಮಚ್ಚೆ ಕಂಡರೆ ಸಾಕು, 'ಊರಿಗೆ ಹೋಗಿ ಫೋನ್ ಮಾಡ್ತೀವಿ' ಅಂತ ಎದ್ದು ಬಿಡುತ್ತಾರೆ. ಆ ಫೋನ್ ಬರುವುದಿಲ್ಲ. ಆಮೇಲೆ ಮನೆಯವರು ಮಗಳಿಗೆ ತುಂಬು ತೋಳಿನ ಬಟ್ಟೆ ಹೊಲಿಸುತ್ತಾರೆ, ಊರಲ್ಲೇ ಚರ್ಮದ ಡಾಕ್ಟರ್ ಇದ್ದರೂ ಯಾರಾದರೂ ನೋಡಿಯಾರು ಅಂತ ಬೆಂಗಳೂರಿನ ಬಸ್ ಹತ್ತುತ್ತಾರೆ. ಈ ಬಿಳಿ ಮಚ್ಚೆಯೇ ತೊನ್ನು. ಅಂಟುವುದಿಲ್ಲ, ನೋಯುವುದಿಲ್ಲ, ಜೀವಕ್ಕೆ ಕುತ್ತಿಲ್ಲ. ಆದರೂ ಇಷ್ಟು ಭಯ ಯಾಕೆ?

ಇದು ಬಹಳ ಹಳೆಯ ಭಯ. ಬಿಳಿ ಮಚ್ಚೆಗೆ ಬಣ್ಣ ಕೊಡು ಅಂತ ಮೂಲಿಕೆಯನ್ನು ಬೇಡುವ ಮಂತ್ರ ಅಥರ್ವವೇದದಲ್ಲೇ ಇದೆ. ಚರಕ ಸಂಹಿತೆ ತೊನ್ನನ್ನು ಕುಷ್ಠದ ಅಧ್ಯಾಯದಲ್ಲೇ ಸೇರಿಸಿತು. ಸುಳ್ಳು ಹೇಳುವುದು, ಉಪಕಾರ ಮರೆಯುವುದು, ದೇವರನ್ನು ನಿಂದಿಸುವುದು, ಹಿಂದಿನ ಜನ್ಮದ ಕರ್ಮ, ಒಂದಕ್ಕೊಂದು ಹೊಂದದ ಆಹಾರ, ಇವೇ ಕಾರಣ ಅಂತಲೂ ಬರೆಯಿತು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅಂತ ಇಂದಿಗೂ ಹೇಳುವುದನ್ನು ಕೇಳಿದ್ದೀರಲ್ವಾ? ಆ ಮಾತಿನ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ.

ಕುಷ್ಠ ಬೇರೆಯೇ ರೋಗ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು. ಅದರ ಮಚ್ಚೆ ಪೂರ್ತಿ ಬಿಳಿ ಅಲ್ಲ, ಸ್ವಲ್ಪ ಮಾಸಿದ ಬಣ್ಣ, ಮುಟ್ಟಿದರೆ ಸಾಮಾನ್ಯವಾಗಿ ಸ್ಪರ್ಶ ತಿಳಿಯುವುದಿಲ್ಲ. ತೊನ್ನಿನ ಮಚ್ಚೆ ಹಾಲಿನಷ್ಟು ಬಿಳಿ, ಸ್ಪರ್ಶ ಚೆನ್ನಾಗಿಯೇ ಇರುತ್ತದೆ. ಇಲ್ಲಿ ಯಾವ ಕ್ರಿಮಿಯೂ ಇಲ್ಲ. ನಮ್ಮನ್ನು ಕಾಯಬೇಕಾದ ರಕ್ತದ ಬಿಳಿ ಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಬೀಳುತ್ತವೆ. ವಂಶದ ಪಾಲು ಸ್ವಲ್ಪ ಇದೆ, ಆದರೆ ಜನ ಅಂದುಕೊಂಡಷ್ಟಲ್ಲ: ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 6. ಸಂಬಂಧ ಮುರಿಯಲು ಇದು ಕಾರಣವೇ ಅಲ್ಲ.

ವಿಚಿತ್ರ ಏನು ಗೊತ್ತಾ, ಕಾರಣ ಹೇಳುವುದರಲ್ಲಿ ತಪ್ಪಿದ ಹಳಬರು ಮದ್ದಿನಲ್ಲಿ ಸರಿಯಾದ ದಾರಿ ಹಿಡಿದಿದ್ದರು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದರು. ಆ ಬೀಜದಲ್ಲಿ ಸೋರಾಲೆನ್ ಇದೆ, ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಈಜಿಪ್ಟಿನಲ್ಲೂ ನೈಲ್ ದಂಡೆಯ ಒಂದು ಗಿಡವನ್ನು ಹೀಗೇ ಬಳಸುತ್ತಿದ್ದರು, 1940ರ ದಶಕದಲ್ಲಿ ಕೈರೋದ ಡಾಕ್ಟರ್ ಎಲ್ ಮೊಫ್ಟಿ ಅದರಿಂದ ತೆಗೆದ ಅದೇ ಜಾತಿಯ ವಸ್ತುವನ್ನು ರೋಗಿಗಳಿಗೆ ಕೊಟ್ಟು ನೋಡಿದರು, ಅಲ್ಲಿಂದ ಇದು ಆಧುನಿಕ ವೈದ್ಯಕ್ಕೆ ಬಂತು. ಹಾಗಂತ ಗ್ರಂಥಿಗೆ ಅಂಗಡಿಯಿಂದ ಬಾವಂಚಿ ತಂದು ನೀವೇ ಹಚ್ಚಿಕೊಳ್ಳಬೇಡಿ, ದಯವಿಟ್ಟು. ಚಳ್ಳಕೆರೆ, ಜಗಳೂರಿನ ಬಿಸಿಲು ಗೊತ್ತಲ್ಲ. ಅಳತೆ ತಪ್ಪಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಸುಟ್ಟ ಜಾಗದಲ್ಲಿ ಹೊಸ ಮಚ್ಚೆಯೂ ಬರಬಹುದು.

1997ರ ನಂತರ ಸೋರಾಲೆನ್ ಇಲ್ಲದೆಯೇ ಕೆಲಸ ಮಾಡುವ ಒಂದು ಬಗೆಯ ನೇರಳಾತೀತ ಬೆಳಕು (ಬಿಸಿಲಿನಲ್ಲೂ ಇರುವ, ಕಣ್ಣಿಗೆ ಕಾಣದ ಕಿರಣ) ಬಳಕೆಗೆ ಬಂತು. ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನೇ ಕೊಡುತ್ತಾರೆ. ವಾರಕ್ಕೆ ಎರಡು ಮೂರು ಸಲ, ಎಷ್ಟೋ ತಿಂಗಳು ಹೋಗಬೇಕು. ಸುಮ್ನೆ ನಡುವೆ ಬಿಟ್ಟರೆ ಫಲ ಇಲ್ಲ. 2022ರಲ್ಲಿ ಅಮೆರಿಕದಲ್ಲಿ ರುಕ್ಸೋಲಿಟಿನಿಬ್ ಮುಲಾಮಿಗೆ ಒಪ್ಪಿಗೆ ಸಿಕ್ಕಿತು, ತೊನ್ನಿಗೆ ಬಣ್ಣ ಮರಳಿ ತರಲೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು.

ಬಣ್ಣ ಹೆಚ್ಚಾಗಿ ಮರಳುವುದು ಕೂದಲಿನ ಬುಡದಿಂದ. ಅದಕ್ಕೇ ಮುಖಕ್ಕೆ ಬೇಗ ಬರುತ್ತದೆ, ಬೆರಳ ತುದಿ, ತುಟಿಗೆ ಕಷ್ಟ. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಆ ಪರೀಕ್ಷೆಯನ್ನೂ ಮಾಡಿಸಿ. ಸ್ಟಿಕ್ಕರ್ ಬೊಟ್ಟು ಅಥವಾ ರಬ್ಬರ್ ಚಪ್ಪಲಿಯ ಪಟ್ಟಿ ತಾಗುವ ಜಾಗದಲ್ಲೇ ಬಿಳಿ ಕಲೆ ಕಂಡರೆ, ಅದರ ಅಂಟು ಅಥವಾ ರಬ್ಬರಿನ ರಾಸಾಯನಿಕವೇ ಕಾರಣ ಇರಬಹುದು, ಮೊದಲು ಅದನ್ನು ನಿಲ್ಲಿಸಿ. ಮತ್ತೆ ತಡ ಮಾಡದೆ ತೋರಿಸಿ: ಹೊಸ ಮಚ್ಚೆಗೆ ಬಣ್ಣ ಬಂದಷ್ಟು ಸುಲಭವಾಗಿ ಹಳೆಯದಕ್ಕೆ ಬರುವುದಿಲ್ಲ, ಅದರ ಮೇಲಿನ ಕೂದಲೂ ಬೆಳ್ಳಗಾದ ಮೇಲಂತೂ ಇನ್ನೂ ಕಷ್ಟ.