ಗುತ್ತಿಗೆದಾರನಿಗೆ ಅಂಕ: ಯಾವುದಕ್ಕೆ, ಯಾವಾಗ, ಯಾರು ಕೊಡಬೇಕು?

ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳಿಗೆ ಬಳಸುವ ಮಾದರಿ ಟೆಂಡರ್ ದಾಖಲೆ ಕೆಡಬ್ಲ್ಯು-4 ಓದುವವರು ಮೊದಲು ಬಾಯಿಪಾಠ ಮಾಡುವ ಸೂತ್ರ ಇದು:

ಟೆಂಡರ್ ಸಾಮರ್ಥ್ಯ = (ಎ × ಎನ್ × 1.5) − ಬಿ

ಕಳೆದ 5 ವರ್ಷಗಳಲ್ಲಿ ಯಾವುದೋ ಒಂದು ವರ್ಷ ಮಾಡಿದ ಅತಿ ಹೆಚ್ಚು ಮೊತ್ತದ ಕೆಲಸ ‘ಎ’. ಹೊಸ ಕಾಮಗಾರಿಗೆ ಕೊಟ್ಟಿರುವ ಅವಧಿ, ವರ್ಷದ ಲೆಕ್ಕದಲ್ಲಿ, ‘ಎನ್’. ಆ ಅವಧಿಯಲ್ಲಿ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸಗಳ ಮೊತ್ತ ‘ಬಿ’. ಎ 10 ಕೋಟಿ, ಎನ್ 1.5, ಬಿ 12 ಕೋಟಿ ಇದ್ದರೆ ಉತ್ತರ 10.5 ಕೋಟಿ. ಅಂದರೆ ಆ ಗುತ್ತಿಗೆದಾರ ಅಷ್ಟು ಮೊತ್ತದವರೆಗಿನ ಹೊಸ ಕೆಲಸ ಹಿಡಿಯಬಹುದು.

ಲೆಕ್ಕ ಸುಲಭ. ಆದರೆ ಆತ ಕಟ್ಟಿದ ಹಳೇ ಶಾಲೆ ಸೋರುತ್ತಿದೆಯಾ ಅನ್ನುವುದು ಇದರಲ್ಲಿ ಎಲ್ಲೂ ಬರುವುದಿಲ್ಲ, ಅಲ್ವಾ? ಕೆಲಸ ಅರ್ಧಕ್ಕೆ ಬಿಟ್ಟವರನ್ನು, ವಿಪರೀತ ತಡ ಮಾಡಿದವರನ್ನು ಅನರ್ಹಗೊಳಿಸುವ ಮಾತು ಅದೇ ದಾಖಲೆಯಲ್ಲಿದೆ. ಅದು ತೀರಾ ಕೆಟ್ಟವರನ್ನಷ್ಟೇ ಸೋಸುತ್ತದೆ. ಉಳಿದವರಲ್ಲಿ ಸುಮಾರಾಗಿ ಕಟ್ಟುವವನೂ ಚೆನ್ನಾಗಿ ಕಟ್ಟುವವನೂ ಒಂದೇ ಸಾಲು. ಎಲ್ಲರಿಗಿಂತ ಕಡಿಮೆ ದರ ಬರೆದವನು ಎಲ್-1, ಕೆಲಸ ಅವನಿಗೇ.

ಈ ತೊಂದರೆಗೆ ಹಾಂಗ್‌ಕಾಂಗ್‌ನ ವಸತಿ ಪ್ರಾಧಿಕಾರ 1990ರಲ್ಲೇ ಒಂದು ದಾರಿ ಹುಡುಕಿತು. ಹೆಸರು ‘ಪಾಸ್’ (ಪರ್ಫಾರ್ಮೆನ್ಸ್ ಅಸೆಸ್‌ಮೆಂಟ್ ಸ್ಕೋರಿಂಗ್ ಸಿಸ್ಟಮ್). ಕೆಲಸ ನಡೆಯುತ್ತಿರುವಾಗಲೇ ಸೈಟಿಗೆ ಹೋಗಿ ಅಂಕ ಹಾಕುವುದು. ಕಂಬಿ ಕಟ್ಟಿದ್ದು, ಸೆಂಟ್ರಿಂಗ್, ಕಾಂಕ್ರೀಟ್, ಗಾರೆ, ಟೈಲ್ಸ್ ಹೀಗೆ ಕೈಗೆ ಸಿಕ್ಕುವ ಫಲಿತಕ್ಕೆ ಒಂದಷ್ಟು ಅಂಕ. ಸೈಟ್ ನಿರ್ವಹಣೆ, ಕೆಲಸದ ವೇಗಕ್ಕೆ ಇನ್ನೊಂದಷ್ಟು. ಈ ಅಂಕ ಸುಮ್ನೆ ಫೈಲಿನಲ್ಲಿ ಕೂರುವುದಿಲ್ಲ. ಮುಂದಿನ ಟೆಂಡರ್‌ಗೆ ಯಾರನ್ನು ಕರೆಯಬೇಕು ಅನ್ನುವಾಗ ಲೆಕ್ಕಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದು ಇಲ್ಲೇ. ದಂಡಕ್ಕಿಂತ ಮುಂದಿನ ಕೆಲಸ ತಪ್ಪುವ ಭಯ ಜಾಸ್ತಿ.

ಹಾಗಂತ ಎಲ್ಲ ಸರಿಹೋಯಿತಾ? ಇಲ್ಲ. ಈ ಭಾಗವನ್ನು ನಿಧಾನವಾಗಿ ಓದಿ. ಪಾಸ್ ಬಂದು ಸುಮಾರು ಹತ್ತು ವರ್ಷ ಆದಮೇಲೆ, ಶಾ ಟಿನ್ ಪ್ರದೇಶದಲ್ಲಿ ಇದೇ ಪ್ರಾಧಿಕಾರದ 30 ಅಂತಸ್ತು ದಾಟಿದ ಎರಡು ಕಟ್ಟಡಗಳ ಅಡಿಪಾಯ ಕುಸಿಯತೊಡಗಿತು. ಪರೀಕ್ಷಿಸಿ ನೋಡಿದರೆ ಪೈಲ್‌ಗಳು, ಅಂದರೆ ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಂಬಗಳು, ಗಿಡ್ಡ. ಕೆಲವು ನಕ್ಷೆಯಲ್ಲಿ ಇದ್ದುದಕ್ಕಿಂತ 15 ಮೀಟರ್‌ವರೆಗೂ ಕಡಿಮೆ. ಎರಡೂ ಕಟ್ಟಡಗಳನ್ನು ಕೆಡವಬೇಕಾಯಿತು. 2000ದಲ್ಲಿ ಪ್ರಾಧಿಕಾರದ ಅಧ್ಯಕ್ಷೆ ರಾಜೀನಾಮೆ ಕೊಟ್ಟರು.

ಗೋಡೆಯ ನೇರ ನೋಡಲು ತೂಕುಗುಂಡು ಸಾಕು. ಕಾಂಕ್ರೀಟಿನ ಬಲ ನೋಡಲು 28 ದಿನದ ಕ್ಯೂಬ್ ಟೆಸ್ಟ್ ಇದೆ. ನೆಲದಡಿಯ ಪೈಲ್ ಎಷ್ಟು ಆಳ ಹೋಯಿತು ಅನ್ನುವುದಕ್ಕೆ ಮಾತ್ರ ಆ ಹೊತ್ತಿಗೆ ಅಲ್ಲಿ ನಿಂತು ಅಳೆದವನೇ ಸಾಕ್ಷಿ. ಆಮೇಲೆ ಖಚಿತವಾಗಿ ಪತ್ತೆ ಮಾಡಬೇಕೆಂದರೆ ಕೊರೆದು ನೋಡಬೇಕು, ದುಬಾರಿ. ಹಾಗಾಗಿ ಮುಚ್ಚಿಹೋಗುವ ಕೆಲಸವನ್ನು ಅಂಕಪಟ್ಟಿಯಲ್ಲಿ ಉಳಿದವುಗಳ ಜೊತೆ ಕೂಡಿ ಸರಾಸರಿ ತೆಗೆಯಬಾರದು. ಟೈಲ್ಸಿಗೆ ಬಂದ 95 ಅಂಕ ಅಡಿಪಾಯದ ಸೊನ್ನೆಯನ್ನು ಮರೆಮಾಚಿಬಿಡುತ್ತದೆ. ಅದು ಬೇರೆಯೇ ತಪಾಸಣೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಮುಂದಿನ ಹಂತ ಶುರು ಮಾಡಲು ಬಿಡಬಾರದು.

ಇನ್ನು ಅಂಕ ಕೊಡುವವರು ಯಾರು? ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆದು ಬಿಲ್ ಮಾಡುವ ಎಂಜಿನಿಯರೇ ಅಂಕವನ್ನೂ ಹಾಕಿದರೆ, ಕಡಿಮೆ ಅಂಕ ಅವರ ಮೇಲ್ವಿಚಾರಣೆಗೂ ಕಡಿಮೆ ಅಂಕವೇ. ಹಾಗಾಗಿ ಅಂಕ ಹಾಕುವ ಕೈ ಸಡಿಲವಾಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಇದಕ್ಕೇ ಮೂರು ಹಂತ ಇಟ್ಟಿದ್ದಾರೆ: ಸ್ಥಳೀಯ ಎಂಜಿನಿಯರ್, ರಾಜ್ಯದ ತಪಾಸಕರು, ಕೇಂದ್ರದಿಂದ ಬರುವ ರಾಷ್ಟ್ರೀಯ ತಪಾಸಕರು. ತೃಪ್ತಿಕರ, ಸುಧಾರಣೆ ಬೇಕು, ಅತೃಪ್ತಿಕರ ಎಂದು ದರ್ಜೆ. ರಸ್ತೆ ಹಾಕಿದವನೇ 5 ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತೂ ಇದೆ. ಒಳ್ಳೆಯ ಏರ್ಪಾಡೇ. ಆದರೆ ಪಾಸ್ ಜೊತೆ ಹೋಲಿಸುವಾಗ ಒಂದು ವ್ಯತ್ಯಾಸ ಬರೆದುಕೊಳ್ಳಿ: ಇಲ್ಲಿ ದರ್ಜೆ ಕೊಡುವುದು ಆ ರಸ್ತೆಗೆ, ಗುತ್ತಿಗೆದಾರನಿಗಲ್ಲ.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯದ ಸೂಚನೆಗಳು ಕಾಮಗಾರಿ ಟೆಂಡರ್‌ಗಳಲ್ಲೂ ದರದ ಜೊತೆ ಗುಣಮಟ್ಟಕ್ಕೆ ತೂಕ ಕೊಡಲು ಅವಕಾಶ ಮಾಡಿದವು. ಎಲ್ಲ ಕೆಲಸಕ್ಕೂ ಅಲ್ಲ, ಸಕ್ಷಮ ಪ್ರಾಧಿಕಾರ ಹಾಗೆಂದು ಘೋಷಿಸಿದವಕ್ಕೆ ಮಾತ್ರ. ಆ ತೂಕ ಶೇ 30 ಮೀರುವಂತಿಲ್ಲ. ಹಳೇ ಕೆಲಸದ ಅಂಕವನ್ನು ಹೊಸ ಟೆಂಡರ್‌ಗೆ ತರಬೇಕೆಂದರೆ ಸದ್ಯಕ್ಕೆ ಕಾಣುವ ದಾರಿ ಈ 30ರೊಳಗೇ ಇದೆ.