ಕತಾಕಾನಾ ಹೊರಗಿನ ಪದಗಳಿಗೆ ಮಾತ್ರವೇ?

ಓದುಗರ ಪ್ರಶ್ನೆ: ಜಪಾನಿಯ ಕತಾಕಾನಾ ಲಿಪಿ ಬೇರೆ ಭಾಷೆಯಿಂದ ಬಂದ ಪದಗಳಿಗೆ ಎಂದು ಕಲಿತೆ. ಆದರೆ ಅಚ್ಚ ಜಪಾನಿ ಪದಗಳೂ ಅದರಲ್ಲೇ ಕಾಣುತ್ತವಲ್ಲ? ಯಾವಾಗ ಬಳಸಬೇಕು?

ಕಲಿತದ್ದು ಸರಿಯೇ, ಆದರೆ ಅದು ಅರ್ಧ ಮಾತು. ಮೊದಲು ಆ ಅರ್ಧವನ್ನು ಮುಗಿಸೋಣ. ಕಾಫಿಗೆ 'ಕೋಹೀ', ಪೋರ್ಚುಗೀಸರಿಂದ ಬಂದ ಬ್ರೆಡ್ಡಿಗೆ 'ಪಾನ್', ಜರ್ಮನ್‌ನಿಂದ ಬಂದ ಪಾರ್ಟ್‌ಟೈಮ್ ಕೆಲಸಕ್ಕೆ 'ಅರುಬಾಯ್ತೊ', ಇವೆಲ್ಲ ಕತಾಕಾನಾದಲ್ಲೇ. ನಮ್ಮ ಹೆಸರು, ನಮ್ಮ ಊರುಗಳೂ ಅಷ್ಟೇ. ಜಪಾನಿಯಲ್ಲಿ 'ಲ' ಇಲ್ಲ, ಒತ್ತಕ್ಷರಗಳೂ ಕಡಿಮೆ. ಹಾಗಾಗಿ ಲಕ್ಷ್ಮಿ 'ರಕುಶುಮಿ' ಆಗುತ್ತಾಳೆ, ಬೆಂಗಳೂರು 'ಬೆಂಗರೂರು', ಕರ್ನಾಟಕ 'ಕರುನಾತಕ'. ಹೆಸರಿನ ಎರಡು ಭಾಗಗಳ ನಡುವೆ ಸಾಮಾನ್ಯವಾಗಿ ಒಂದು ಚುಕ್ಕಿ ಇಡುತ್ತಾರೆ.

ಇಲ್ಲೂ ಅಪವಾದಗಳಿವೆ. ಚೀನಾದ ಹೆಸರುಗಳನ್ನು ಹೆಚ್ಚಾಗಿ ಕಾಂಜಿಯಲ್ಲೇ, ಅಂದರೆ ಚೀನಾದಿಂದ ಜಪಾನಿಗೆ ಬಂದ ಅಕ್ಷರಗಳಲ್ಲೇ, ಬರೆಯುತ್ತಾರೆ. 'ತಬಾಕೊ' ಕೂಡ ಪೋರ್ಚುಗೀಸರ ಕೊಡುಗೆ. ಆದರೂ ಜಪಾನಿನ ದೊಡ್ಡ ತಂಬಾಕು ಕಂಪನಿ ತನ್ನ ಹೆಸರಿನಲ್ಲಿ ಅದನ್ನು ಜಪಾನಿಯ ಇನ್ನೊಂದು ಲಿಪಿಯಾದ ಹಿರಾಗಾನಾದಲ್ಲಿ ಬರೆಯುತ್ತದೆ. ಹಳೇ ನೆಂಟರನ್ನು ಯಾರೂ ಹೊರಗಿನವರೆಂದು ಎಣಿಸುವುದಿಲ್ಲ, ಅಲ್ವಾ?

ಇನ್ನು ನಿಮ್ಮನ್ನು ಕಾಡಿದ ಅಚ್ಚ ಜಪಾನಿ ಪದಗಳು. ಇವುಗಳಲ್ಲಿ ದೊಡ್ಡ ಗುಂಪು ಪ್ರಾಣಿ, ಗಿಡಗಳ ಹೆಸರು. 1946ರಲ್ಲಿ ಸರ್ಕಾರ ದಿನಬಳಕೆಗೆ 1850 ಕಾಂಜಿಗಳ ಪಟ್ಟಿ ಹೊರಡಿಸಿತು. ಪ್ರಾಣಿ, ಸಸ್ಯಗಳ ಹೆಸರನ್ನು ಕಾನಾದಲ್ಲೇ (ಹಿರಾಗಾನಾ, ಕತಾಕಾನಾ ಎರಡಕ್ಕೂ ಇದೇ ಹೆಸರು) ಬರೆಯಿರಿ ಎಂದೂ ಹೇಳಿತು. ವಿಜ್ಞಾನದ ಬರಹದಲ್ಲಿ ಇಂದಿಗೂ ಮನುಷ್ಯನೂ 'ಹಿತೊ' ಎಂದು ಕತಾಕಾನಾದಲ್ಲೇ ಬರುತ್ತಾನೆ. ಗುಲಾಬಿಯ ಕಾಂಜಿಯನ್ನು ನೋಡಿದರೆ ತಲೆ ತಿರುಗುತ್ತದೆ. ಅದಕ್ಕೇ ಅದನ್ನು ಜಾಸ್ತಿ ಜನ ಕತಾಕಾನಾದಲ್ಲಿ 'ಬರಾ' ಎಂದು ಬರೆದು ಮುಂದೆ ಹೋಗುತ್ತಾರೆ.

ಇನ್ನೊಂದು ಗುಂಪು ಶಬ್ದಗಳದ್ದು. ನಾಯಿ ಬೊಗಳುವ 'ವಾನ್‌ವಾನ್' ಕತಾಕಾನಾದಲ್ಲಿ. ನಗುಮುಖವನ್ನು ಹೇಳುವ 'ನಿಕೊನಿಕೊ' ಹೆಚ್ಚಾಗಿ ಹಿರಾಗಾನಾದಲ್ಲಿ, ಏಕೆಂದರೆ ಅಲ್ಲಿ ಕೇಳುವ ಸದ್ದಿಲ್ಲ. ಇದು ರೂಢಿ, ಕಾನೂನಲ್ಲ. ಮಾಂಗಾ ಎಂಬ ಜಪಾನಿ ಕಾಮಿಕ್ಸ್ ಬರೆಯುವವರಂತೂ ಮನಸ್ಸಿಗೆ ಬಂದ ಹಾಗೆ ಬರೆಯುತ್ತಾರೆ.

ಮೂರನೆಯದು, ಪದ ಎದ್ದು ಕಾಣಲಿ ಎಂಬ ಆಸೆ. ಕಸಕ್ಕೆ 'ಗೊಮಿ', ಕನ್ನಡಕಕ್ಕೆ 'ಮೆಗಾನೆ' ಎಂದು ಅಂಗಡಿ, ಬೋರ್ಡುಗಳಲ್ಲಿ ಕತಾಕಾನಾದಲ್ಲೇ ಇರುತ್ತದೆ. ತೊಯೋತಾ, ಸುಜುಕಿ ಕಂಪನಿಗಳ ಹೆಸರೂ ಹಾಗೇ. ನನ್ನ ಪ್ರಕಾರ ಕತಾಕಾನಾ ಪದದ ಹುಟ್ಟೂರನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಈ ಪದವನ್ನು ಸ್ವಲ್ಪ ಬೇರೆಯಾಗಿ ನೋಡಿ ಎನ್ನುತ್ತದೆ. ಆದರೆ ಕಲಿಯುವವರು ಒತ್ತು ಕೊಡಲು ಸುಮ್ನೆ ಎಲ್ಲೆಂದರಲ್ಲಿ ಬಳಸಬೇಡಿ, ಓದುವವರಿಗೆ ಕಿರಿಕಿರಿ.

ಅರ್ಜಿಗಳಲ್ಲಿ 'ಫುರಿಗಾನಾ' ಎಂಬ ಜಾಗವಿರುತ್ತದೆ. ಆ ಪದವನ್ನು ಯಾವ ಲಿಪಿಯಲ್ಲಿ ಮುದ್ರಿಸಿದ್ದಾರೋ ಅದೇ ಲಿಪಿಯಲ್ಲಿ ಹೆಸರಿನ ಉಚ್ಚಾರಣೆ ತುಂಬಬೇಕು. ಕಾಂಜಿ ನಿಘಂಟಿನಲ್ಲಿ ಕಾಣುವ ಕತಾಕಾನಾಕ್ಕೆ ಮಾತ್ರ ಬೆಚ್ಚಬೇಡಿ. ಅಲ್ಲಿ ಬೆಟ್ಟದ ಕಾಂಜಿಗೆ 'ಸಾನ್' ಕತಾಕಾನಾದಲ್ಲೂ 'ಯಾಮಾ' ಹಿರಾಗಾನಾದಲ್ಲೂ ಇರುತ್ತವೆ. ಚೀನೀ ಮೂಲದ ಓದು ಯಾವುದು, ಜಪಾನಿ ಓದು ಯಾವುದು ಎಂದು ತೋರಿಸಲು ಅಷ್ಟೇ. ನೀವು ಬರೆಯುವಾಗ ಫುಜಿ ಬೆಟ್ಟದ ಹೆಸರಾದ ಫುಜಿಸಾನ್‌ನ 'ಸಾನ್' ಕಾಂಜಿಯಲ್ಲೇ ಇರಲಿ.