ಯಾವ ಬ್ರೂಸ್ ಲೀ, ಯಾವ ಪ್ರಿಂಟ್? ಅಭಿಪ್ರಾಯ ಬರೆಯುವ ಮೊದಲಿನ ಟಿಪ್ಪಣಿ

ದೊಡ್ಡವರಾದ ಮೇಲೆ ಬ್ರೂಸ್ ಲೀ ನಾಯಕರಾಗಿ ಪೂರ್ತಿ ಮುಗಿಸಿದ್ದು ನಾಲ್ಕೇ ಚಿತ್ರ: 1971ರ ‘ದಿ ಬಿಗ್ ಬಾಸ್’, 1972ರ ‘ಫಿಸ್ಟ್ ಆಫ್ ಫ್ಯೂರಿ’ ಮತ್ತು ‘ದಿ ವೇ ಆಫ್ ದಿ ಡ್ರ್ಯಾಗನ್’, 1973ರ ‘ಎಂಟರ್ ದಿ ಡ್ರ್ಯಾಗನ್’. ಐದನೆಯದಾದ ‘ಗೇಮ್ ಆಫ್ ಡೆತ್’ ಅರ್ಧಕ್ಕೇ ನಿಂತಿತು. 1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ. ಇಷ್ಟು ಚಿಕ್ಕ ಪಟ್ಟಿಯ ಮೇಲೆ ಪ್ರೇಕ್ಷಕರ ನಡುವೆ ಇಷ್ಟೊಂದು ಜಗಳ ಏಕೆ? ಅಭಿರುಚಿಯ ಭೇದ ಇದ್ದೇ ಇದೆ. ಆದರೆ ಎಷ್ಟೋ ಸಲ ವಾದ ಮಾಡುವ ಇಬ್ಬರೂ ನೋಡಿರುವುದು ಒಂದೇ ಚಿತ್ರವನ್ನಲ್ಲ. ಆದ್ದರಿಂದ ‘ಚೆನ್ನಾಗಿದೆಯೇ’ ಎಂಬ ಪ್ರಶ್ನೆಗಿಂತ ಮೊದಲು ‘ಯಾವುದನ್ನು ನೋಡಿದ್ದು’ ಎಂಬುದನ್ನು ಗಟ್ಟಿಮಾಡಿಕೊಳ್ಳಬೇಕು.

ಹೆಸರಿನ ಗೊಂದಲ

ಅಮೆರಿಕದಲ್ಲಿ ‘ದಿ ಬಿಗ್ ಬಾಸ್’ ತೆರೆಕಂಡದ್ದು ‘ಫಿಸ್ಟ್ಸ್ ಆಫ್ ಫ್ಯೂರಿ’ ಎಂಬ ಹೆಸರಲ್ಲಿ. ಅಸಲಿ ‘ಫಿಸ್ಟ್ ಆಫ್ ಫ್ಯೂರಿ’ಗೆ ಅಲ್ಲಿ ‘ದಿ ಚೈನೀಸ್ ಕನೆಕ್ಷನ್’ ಎಂದು, ಮಾದಕವಸ್ತು ಸಾಗಣೆಯ ಹಾಲಿವುಡ್ ಚಿತ್ರ ‘ದಿ ಫ್ರೆಂಚ್ ಕನೆಕ್ಷನ್’ ನೆನಪಾಗುವಂತೆ, ಹೆಸರಿಟ್ಟರು. ಆದರೆ ಅಂಥ ಸಾಗಣೆಯ ಕಥೆ ಇರುವುದು ಮೊದಲನೆಯದಾದ ‘ಬಿಗ್ ಬಾಸ್’ನಲ್ಲಿ. ಎರಡನೆಯದಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ. ‘ವೇ ಆಫ್ ದಿ ಡ್ರ್ಯಾಗನ್’ 1974ರಲ್ಲಿ ‘ರಿಟರ್ನ್ ಆಫ್ ದಿ ಡ್ರ್ಯಾಗನ್’ ಆಗಿ ಅಲ್ಲಿಗೆ ಬಂತು, ‘ಎಂಟರ್ ದಿ ಡ್ರ್ಯಾಗನ್’ನ ಮುಂದಿನ ಭಾಗವೆಂಬಂತೆ. ವಾಸ್ತವದಲ್ಲಿ ಅದು ‘ಎಂಟರ್’ಗಿಂತ ಹಿಂದಿನ ವರ್ಷದ್ದು. ‘ಎರಡನೇ ಭಾಗ ಸಪ್ಪೆ’ ಎಂದು ಯಾರಾದರೂ ಬರೆದಿದ್ದರೆ ಆ ಅಭಿಪ್ರಾಯ ಹುಟ್ಟಿದ್ದೇ ತಪ್ಪು ನಿರೀಕ್ಷೆಯಿಂದ.

ಹೆಸರನ್ನು ನಂಬದೆ ಕಥೆಯಿಂದ ಗುರುತಿಸಿ. ಥಾಯ್ಲೆಂಡಿನ ಐಸ್ ಕಾರ್ಖಾನೆ ಬಂದರೆ ‘ಬಿಗ್ ಬಾಸ್’. ಶಾಂಘೈ, ಸತ್ತ ಗುರು, ಜಪಾನೀ ಡೋಜೊ (ಸಮರಕಲೆಯ ಶಾಲೆ) ಬಂದರೆ ‘ಫಿಸ್ಟ್ ಆಫ್ ಫ್ಯೂರಿ’. ರೋಮಿನ ಚೀನೀ ಹೋಟೆಲ್ಲಾದರೆ ‘ವೇ ಆಫ್ ದಿ ಡ್ರ್ಯಾಗನ್’.

ಅವಧಿ, ಕತ್ತರಿ, ಧ್ವನಿ

ಪ್ರಿಂಟಿನ ಅವಧಿ ನಾಲ್ಕು ನಿಮಿಷ ಕಡಿಮೆ ಕಂಡ ಕೂಡಲೇ ‘ಕತ್ತರಿಸಿದ್ದಾರೆ’ ಅನ್ನಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಯುರೋಪಿನ ಹಳೆಯ ಟಿವಿ ಪದ್ಧತಿಗಾಗಿ 25 ಫ್ರೇಮಿನಲ್ಲಿ ಓಡಿಸಿದರೆ 100 ನಿಮಿಷದ್ದು 96 ನಿಮಿಷಕ್ಕೆ ಇಳಿಯುತ್ತದೆ. ಒಂದು ಫ್ರೇಮೂ ಹೋಗಿರುವುದಿಲ್ಲ. ಹೊಡೆತಗಳು ತುಸು ಚುರುಕಾಗಿ, ಧ್ವನಿ ತುಸು ತೆಳ್ಳಗೆ ಬರುತ್ತವೆ, ಅಷ್ಟೇ. ನಿಜವಾದ ಕತ್ತರಿ ಬೇರೆ ಥರ. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಬ್ರಿಟನ್ನಿನ ಸೆನ್ಸಾರ್ ನುಂಚಾಕು (ಸರಪಳಿಯಿಂದ ಜೋಡಿಸಿದ ಎರಡು ಕೋಲಿನ ಆಯುಧ) ದೃಶ್ಯಗಳನ್ನು ತೆಗೆಸುತ್ತಿತ್ತು. ಆ ಕಾಲದ ಬ್ರಿಟಿಷ್ ಪ್ರೇಕ್ಷಕ ‘ಎಂಟರ್ ದಿ ಡ್ರ್ಯಾಗನ್’ ನೋಡಿ ‘ನೆಲಮಾಳಿಗೆಯ ಹೊಡೆದಾಟ ತುಂಡುತುಂಡಾಗಿದೆ’ ಎಂದಿದ್ದರೆ ತಪ್ಪು ಸಂಕಲನಕಾರನದಲ್ಲ.

‘ತುಟಿಗೂ ಮಾತಿಗೂ ತಾಳೆಯಿಲ್ಲ, ನಟನೆ ಕೃತಕ’ ಎಂಬುದು ಮೊದಲ ಮೂರು ಚಿತ್ರಗಳ ಮೇಲಿನ ಸಾಮಾನ್ಯ ದೂರು. ಆಗಿನ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಶೂಟಿಂಗ್ ಹೊತ್ತಿನ ಧ್ವನಿಯನ್ನು ಹಿಡಿಯುತ್ತಿರಲಿಲ್ಲ. ಮ್ಯಾಂಡರಿನ್ ಆಗಲಿ ಇಂಗ್ಲಿಷ್ ಆಗಲಿ, ಎಲ್ಲವೂ ನಂತರದ ಡಬ್ಬಿಂಗ್. ಹೀಗಾಗಿ ‘ಮೂಲ ಭಾಷೆಯಲ್ಲಿ ನೋಡಿ’ ಎಂಬ ಸಲಹೆಯಿಂದ ಇಲ್ಲಿ ಪೂರ್ತಿ ಪರಿಹಾರವಿಲ್ಲ. ಲೀ ಅವರ ಸ್ವಂತ ಮಾತು ಕೇಳಬೇಕೆಂದರೆ ‘ಎಂಟರ್ ದಿ ಡ್ರ್ಯಾಗನ್’ನ ಇಂಗ್ಲಿಷ್ ಧ್ವನಿಯೇ ಬೇಕು. ಅದರಲ್ಲೂ ಖಳನಾಯಕ ಹಾನ್ ಆಗಿ ಕಾಣುವವರು ಶಿಹ್ ಕೀನ್, ಕೇಳಿಸುವ ಕಂಠ ಕೀ ಲ್ಯೂಕ್ ಅವರದು. ಮೊದಲ ಮೂರರಲ್ಲಿ ನಟನೆಯನ್ನು ತೂಗುವಾಗ ಧ್ವನಿಯನ್ನು ಪಕ್ಕಕ್ಕಿಟ್ಟು ಕಣ್ಣು, ಭುಜ, ನಿಂತ ಭಂಗಿಗಳನ್ನು ನೋಡಿ. ‘ಬಿಗ್ ಬಾಸ್’ಗೆ ಹಿನ್ನೆಲೆ ಸಂಗೀತವೂ ಒಂದೇ ಅಲ್ಲ, ಪ್ರಿಂಟಿಗೊಂದು. ಸಂಗೀತ ಹೊಗಳುವವರು ಯಾವುದನ್ನು ಕೇಳಿದ್ದೆಂದು ಹೇಳಲೇಬೇಕು.

ವೇಗದ ಪ್ರಶ್ನೆ

‘ಫಿಲ್ಮನ್ನು ವೇಗವಾಗಿ ಓಡಿಸಿದ್ದಾರೆ’ ಎಂದು ಒಬ್ಬರು, ‘ಲೀ ವೇಗ ಕಣ್ಣಿಗೆ ಕಾಣಲು ದೃಶ್ಯವನ್ನೇ ನಿಧಾನಿಸಬೇಕಾಯಿತು’ ಎಂದು ಇನ್ನೊಬ್ಬರು. ಎರಡನ್ನೂ ಶಾಟ್ ಶಾಟ್ ಆಗಿ ಪರೀಕ್ಷಿಸಬಹುದು. 20 ಫ್ರೇಮಿನಲ್ಲಿ ತೆಗೆದು 24ರಲ್ಲಿ ತೋರಿಸಿದರೆ ಚಲನೆ 20 ಶೇಕಡಾ ವೇಗವಾಗುತ್ತದೆ. ಆದರೆ ಲೀ ಒಬ್ಬರದ್ದಲ್ಲ, ಚೌಕಟ್ಟಿನೊಳಗಿನ ಎಲ್ಲದರದ್ದೂ. ಹಿಂದೆ ನಿಂತವರ ತಲೆಯಾಟ, ಬೀಳುವ ದೇಹ, ಏಳುವ ದೂಳು, ಬಟ್ಟೆಯ ಅಲುಗಾಟ ನೋಡಿ. ಬೀಳುವ ದೇಹ ಸಹಜ ವೇಗದಲ್ಲಿದ್ದು ಕೈ ಮಾತ್ರ ಮಸುಕಾದರೆ ಆ ವೇಗ ಲೀ ಅವರದೇ. ಕಿರುಪರದೆಯಲ್ಲಿ, ಅದರಲ್ಲೂ ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಆನ್ ಇದ್ದರೆ, ಈ ಪರೀಕ್ಷೆ ಕೈಕೊಡುತ್ತದೆ. ಅದನ್ನು ಆಫ್ ಮಾಡಿಯೇ ಕೂರಿ.

ಒಂದು ಹೊಡೆದಾಟವನ್ನು ಓದುವುದು

ಅಭ್ಯಾಸಕ್ಕೆ ಒಂದೇ ದೃಶ್ಯ ಆರಿಸಿಕೊಳ್ಳುವುದಾದರೆ ‘ವೇ ಆಫ್ ದಿ ಡ್ರ್ಯಾಗನ್’ನ ಕೊಲೋಸಿಯಂ ಕಾಳಗವೇ ಸರಿ. ಚಿತ್ರದ ಬರವಣಿಗೆ, ನಿರ್ದೇಶನ ಎರಡೂ ಲೀ ಅವರದು. ಎದುರಾಳಿ ಚಕ್ ನಾರಿಸ್. ಹೊಡೆದಾಟದ ಬಹುಭಾಗ ಹಾಂಗ್‌ಕಾಂಗ್‌ನ ಸೆಟ್ಟಿನಲ್ಲಿ ತೆಗೆದದ್ದು. ‘ತುಂಬ ಎಳೆದಿದ್ದಾರೆ’ ಎನ್ನುವವರು ಸಾಮಾನ್ಯವಾಗಿ ಅದರ ಕಥೆಯನ್ನು ಗಮನಿಸಿರುವುದಿಲ್ಲ. ಮೊದಲು ಇಬ್ಬರೂ ಮೈ ಸಡಿಲಿಸಿಕೊಳ್ಳುತ್ತಾರೆ, ಆತುರವೇ ಇಲ್ಲ. ಆಮೇಲೆ ಲೀ ಏಟು ತಿಂದು ಬೀಳುತ್ತಾರೆ. ಎದ್ದವರು ಪಾದಗತಿ ಬದಲಿಸಿ ಕುಣಿಯತೊಡಗಿದಾಗ ನಾರಿಸ್‌ನ ಒದೆತಗಳು ಗಾಳಿಗೆ ಹೋಗುತ್ತವೆ. ಆತ ಅದೇ ಕುಣಿತವನ್ನು ಅನುಕರಿಸಲು ಹೋಗಿ ಸೋಲುತ್ತಾನೆ. ಕೈ, ಮಂಡಿ ಮುರಿದ ಮೇಲೂ ಬಿಡದೆ ಮುನ್ನುಗ್ಗುವವನಿಗೆ ಲೀ ತಲೆಯಾಡಿಸಿ ‘ಬೇಡ’ ಎನ್ನುತ್ತಾರೆ. ಕೊಂದ ನಂತರ ಅವನ ಉಡುಪು, ಬೆಲ್ಟನ್ನು ಹೆಣದ ಮೇಲಿಟ್ಟು ಮಂಡಿಯೂರುತ್ತಾರೆ. ಪದ್ಧತಿಗೆ ಕಟ್ಟುಬೀಳದೆ ಎದುರಾಳಿಗೆ ತಕ್ಕಂತೆ ಬದಲಾಗಬೇಕೆಂಬ, ಲೀ ತಾವೇ ರೂಪಿಸಿದ ಜೀತ್ ಕುನೆ ಡೋ ಸಮರಕಲೆಯ ವಿಚಾರ ಮಾತಿಲ್ಲದೆ ಇಲ್ಲಿದೆ. ನಡುನಡುವೆ ಬೆಕ್ಕಿನ ಮರಿ ತೋರಿಸಿದ್ದು ಅತಿಯಾಯಿತು ಎನ್ನುವವರ ಮಾತಿಗೆ ನನ್ನದೂ ಒಪ್ಪಿಗೆ ಇದೆ.

ಇದನ್ನು ನೋಡಿ ‘ಬಿಗ್ ಬಾಸ್’ಗೆ ಹೋದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅದರ ಸಾಹಸ ಸಂಯೋಜನೆ ಹಾನ್ ಯಿಂಗ್-ಚೀ ಅವರದು, ಖಳನ ಪಾತ್ರವೂ ಅವರದೇ. ಎತ್ತರದ ನೆಗೆತಗಳು, ಹಲಗೆ ಗೋಡೆಯಲ್ಲಿ ಮನುಷ್ಯಾಕಾರದ ತೂತು, ಇವೆಲ್ಲ ಹಳೆಯ ಶೈಲಿ. ‘ನಾಯಕ ಬಹಳ ಹೊತ್ತು ಕೈ ಎತ್ತುವುದೇ ಇಲ್ಲ’ ಎಂಬ ದೂರು ಸರಿಯೇ, ಆದರೆ ಅದು ಲೋಪವಲ್ಲ: ಜಗಳವಾಡೆನೆಂಬ ಮಾತು, ಕೊರಳ ಪದಕ, ಅದು ಹರಿದ ಕ್ಷಣ ಸಿಟ್ಟು ಒಡೆಯುವುದು, ಎಲ್ಲವೂ ಆ ತಡೆಯ ಮೇಲೇ ನಿಂತಿವೆ.

‘ಗೇಮ್ ಆಫ್ ಡೆತ್’

ಲೀ 1972ರಲ್ಲಿ ಪಗೋಡಾದ (ಬಹುಮಹಡಿ ಗೋಪುರದ) ಕಾಳಗಗಳನ್ನು ತೆಗೆದು ‘ಎಂಟರ್ ದಿ ಡ್ರ್ಯಾಗನ್’ಗಾಗಿ ನಿಲ್ಲಿಸಿದರು. 1978ರ ಚಿತ್ರ ನಿರ್ದೇಶಕ ರಾಬರ್ಟ್ ಕ್ಲೌಸ್ ಡ್ಯೂಪ್‌ಗಳನ್ನಿಟ್ಟು ಹೆಣೆದ ಬೇರೆಯೇ ಕಥೆ. ಅದರಲ್ಲಿ ಲೀ ತೆಗೆದ ಪಗೋಡಾ ಭಾಗ ಸುಮಾರು 11 ನಿಮಿಷ. ಕನ್ನಡಿಯ ಮೇಲೆ ಅವರ ಮುಖದ ರಟ್ಟು ಅಂಟಿಸಿದ ಶಾಟ್ ಇದೆ, ನಿಜವಾದ ಶವಯಾತ್ರೆಯ ದೃಶ್ಯವನ್ನೂ ಕಥೆಗೆ ಬಳಸಿಕೊಂಡಿದ್ದಾರೆ. ಪ್ರೇಕ್ಷಕರ ಅಸಹ್ಯಕ್ಕೆ ಕಾರಣವಿದೆ. ಮೂಲ ಭಾಗದಲ್ಲಿ ಲೀ ಜೊತೆ ಮೆಟ್ಟಿಲೇರುವ ಇಬ್ಬರು ಸಂಗಡಿಗರಿದ್ದರು, ಅವರನ್ನು ತೆಗೆದುಹಾಕಿದರು. 2000ದಲ್ಲಿ ಜಾನ್ ಲಿಟ್ಲ್ ಅವರ ಸಾಕ್ಷ್ಯಚಿತ್ರದಲ್ಲಿ ಆ ಭಾಗ ಅರ್ಧ ಗಂಟೆಗೂ ಮಿಕ್ಕಿ ಹೊರಬಂತು. 218 ಸೆಂಟಿಮೀಟರ್ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್-ಜಬ್ಬಾರ್ ಜೊತೆಗಿನ ಕಾಳಗದ ಬಗ್ಗೆ ಬರೆಯುವುದಾದರೆ ಇದನ್ನು ನೋಡಿ ಬರೆಯಿರಿ.

ಬದುಕಿನ ಮೇಲಿನ ಚಿತ್ರಗಳು

ಇಲ್ಲಿ ಎರಡು ಅಂಕಣ ಹಾಕಿಕೊಳ್ಳಿ: ಸಿನಿಮಾ ಆಗಿ ಹೇಗಿದೆ, ಜೀವನಚರಿತ್ರೆಯಾಗಿ ಹೇಗಿದೆ. ಒಂದರ ಅಂಕ ಇನ್ನೊಂದಕ್ಕೆ ಹರಿಯಬಾರದು. 1993ರ ‘ಡ್ರ್ಯಾಗನ್: ದಿ ಬ್ರೂಸ್ ಲೀ ಸ್ಟೋರಿ’ಯಲ್ಲಿ ಬೆನ್ನಿಗೆ ಪೆಟ್ಟಾಗುವುದು ಎದುರಾಳಿಯ ಒದೆತದಿಂದ, ವಾಸ್ತವದಲ್ಲಿ ಅದು 1970ರಲ್ಲಿ ಭಾರ ಎತ್ತುವಾಗ ಆದದ್ದು. ಲೀ ಪಾತ್ರ ಮಾಡಿದ ಜೇಸನ್ ಸ್ಕಾಟ್ ಲೀ ಅವರ ಅಭಿನಯಕ್ಕೆ ಇದರಿಂದ ಕುಂದಿಲ್ಲ. ‘ಬರ್ತ್ ಆಫ್ ದಿ ಡ್ರ್ಯಾಗನ್’ ಕುಂಗ್ ಫೂ ಪಟು ವಾಂಗ್ ಜ್ಯಾಕ್ ಮ್ಯಾನ್ ಜೊತೆಗಿನ ಲೀ ಅವರ ಕಾಳಗದ ಸುತ್ತ ಕಟ್ಟಿದ್ದು. ಆ ಕಾಳಗ ಮೂರೇ ನಿಮಿಷದ್ದು ಎಂದು ಲೀ ಕಡೆಯವರು, ಇಪ್ಪತ್ತಕ್ಕೂ ಹೆಚ್ಚು ಎಂದು ವಾಂಗ್ ಕಡೆಯವರು ಹೇಳುತ್ತ ಬಂದಿದ್ದಾರೆ, ಹಾಗಾಗಿ ಅಲ್ಲಿ ‘ಸುಳ್ಳು ತೋರಿಸಿದ್ದಾರೆ’ ಎಂಬ ಆಕ್ಷೇಪ ಗಟ್ಟಿಯಾಗಿ ನಿಲ್ಲದು. ಕಾಲ್ಪನಿಕ ಬಿಳಿಯ ಯುವಕನೊಬ್ಬನನ್ನು ನಡುವೆ ಕೂರಿಸಿ ಲೀ ಅವರನ್ನು ಬದಿಗೆ ಸರಿಸಿದ್ದಾರೆ ಎಂಬ ಆಕ್ಷೇಪ ಮಾತ್ರ ನಿಲ್ಲುತ್ತದೆ.

2019ರ ‘ಇಪ್ ಮ್ಯಾನ್ 4’ರಲ್ಲಿ ಲೀ ಅವರ ಗುರು ಇಪ್ ಮ್ಯಾನ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದು ಶುದ್ಧ ಕಲ್ಪನೆ. ಡ್ಯಾನಿ ಚಾನ್ ಅಲ್ಲಿ ಲೀ ಪಾತ್ರದಲ್ಲಿ ಬರುವುದು ಸ್ವಲ್ಪ ಹೊತ್ತು. ಮುಖ ಹೋಲುತ್ತದೆಯೇ ಎನ್ನುವುದಕ್ಕಿಂತ ಪಾದಗತಿ ಹೋಲುತ್ತದೆಯೇ ಎಂದು ಕೊಲೋಸಿಯಂ ದೃಶ್ಯದ ಪಕ್ಕದಲ್ಲಿಟ್ಟು ನೋಡಿ ಅಂಕ ಹಾಕಿ.